ಆನ್‌ಲೈನಲ್ಲಿ ತರಿಸಿದ ನಾಯಿ ಟನಲ್: ಮೂರು ಸ್ಟಾರ್, ಅದೂ ಅಕ್ಕಿ ಮೂಟೆ ದಯದಿಂದ

ಮಡಿಕೇರಿ ಕಡೆ ಜೂನ್ ಬಂತು ಅಂದ್ರೆ ನಾಯಿನ ತೋಟಕ್ಕೆ ಬಿಡೋ ಹಾಗಿಲ್ಲ, ಬಿಟ್ರೆ ಬೆರಳ ಸಂದಿಲೆಲ್ಲ ಜಿಗಣೆ, ಒಳಗೇ ಇಟ್ರೆ ಮನೇಲಿ ಚಪ್ಪಲಿ ಒಂದೂ ಉಳಿಯಲ್ಲ. ಅದಕ್ಕೇ ಒಳಗೇ ಆಡಿಸೋಕೆ ಈ ಮಡಚೋ ಟನಲ್ ತರಿಸಿದ್ದು, ನಾಯಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಬರೋ ಬಟ್ಟೆ ಕೊಳವೆ. ಬಟ್ಟೆ ಪರ್ವಾಗಿಲ್ಲ, ತಂತಿ ಸುರುಳಿನೂ ಗಟ್ಟಿ, ಆದ್ರೆ ಅಗಲ ಸಾಲ್ದು. ನಾಯಿಗಳ ಅಡೆತಡೆ ಓಟದ ಸ್ಪರ್ಧೆಲಿ ಇಡೋದು 60 ಸೆಂಟಿಮೀಟರಿಂದು, ಇದು 45 ಅಷ್ಟೇ, ನಮ್ಮ ಲ್ಯಾಬ್ರಡಾರ್ ಕರಿಯ ಒಳಗೆ ನುಗ್ಗಿ ಟನಲ್‌ನ ಲುಂಗಿ ಥರ ಸುತ್ಕೊಂಡೇ ಅಡುಗೆಮನೆಗೆ ಬಂದ. ಜೊತೆಗೆ ಕೊಟ್ಟ ಗೂಟ ಮಣ್ಣಿಗೆ ಹೊಡೆಯೋದು, ರೆಡ್ ಆಕ್ಸೈಡ್ ನೆಲಕ್ಕೆ ಎಲ್ಲಿ ಹೊಡೀಲಿ? ಎರಡೂ ಪಕ್ಕಕ್ಕೆ ಅಕ್ಕಿ ಮೂಟೆ ಒತ್ತಿಟ್ಟೆ, ಈಗ ಅಲ್ಲಾಡಲ್ಲ (ಅತ್ತೆ ಮಾತ್ರ ದಿನಾ ಗೊಣಗ್ತಾರೆ).

ನಿಜ ಹೇಳ್ಬೇಕಂದ್ರೆ ಮಿಕ್ಕಿದ ಅಡೆತಡೆ ಎಲ್ಲ ಮನೇಲಿರೋ ಸಾಮಾನಲ್ಲೇ ಆಗುತ್ತೆ. ಹಾರಿಸೋಕೆ ಖಾಲಿ ಪೇಂಟ್ ಡಬ್ಬ ಎರಡು, ಅದ್ರ ಮೇಲೆ ಮುಕ್ಕಾಲು ಇಂಚಿನ ಪಿವಿಸಿ ಪೈಪ್, ಕಟ್ಬೇಡಿ ಸುಮ್ನೆ ಇಡಿ, ಕಾಲು ತಾಗಿದ್ರೆ ಬಿದ್ದು ಹೋಗ್ಬೇಕು. ಎತ್ತರ ನಾಯಿ ಮೊಣಕೈಗಿಂತ ಕೆಳಗೇ ಇರ್ಲಿ. ಮರಿ ಆದ್ರೆ ಪೈಪ್ ನೆಲದ ಮೇಲೇ ಸಾಕು, ದೊಡ್ಡ ಜಾತಿಗೆ ಒಂದೂವರೆ ವರ್ಷದ ತನಕ ಮೂಳೆ ತುದಿ ಇನ್ನೂ ಎಳಸಾಗೇ ಇರುತ್ತೆ, ಹಾರಿಸ್ಬೇಡಿ. ಕೆಳಗೆ ಕಾಫಿ ಗೋಣಿ ಹಾಸಿ, ಬರೀ ನೆಲ ಜಾರುತ್ತೆ. ಆಮೇಲೆ ನೀರು ತುಂಬಿದ ಬಾಟ್ಲಿ ಆರು, ಸಾಲಾಗಿ, 60 ಸೆಂಟಿಮೀಟರ್ ಅಂತರದಲ್ಲಿ, ಕೈಲಿ ಕ್ಯಾರೆಟ್ ಚೂರು ಹಿಡ್ಕೊಂಡು ಹಾವಿನ ಥರ ಸಂದಿಲಿ ನಡೆಸೋದು. ಹತ್ತು ನಿಮಿಷಕ್ಕೇ ಕರಿಯ ನಾಲಿಗೆ ಚಾಚ್ಕೊಂಡು ಒಲೆ ಪಕ್ಕ ಬಿದ್ಕೊಂಡ.

ದೊಡ್ಡ ಸೈಜ್ ಸಿಕ್ರೆ ತಗೊಳ್ಳಿ, ಈ ಸೈಜ್ ಡ್ಯಾಶ್‌ಹುಂಡ್‌ಗೆ ಸರಿ.