ಕ್ಲೋನಾಜೆಪಾಮ್ 0.5: ಹತ್ತೋದು ಸುಲಭ, ಇಳಿಯೋದೇ ಕೆಲಸ

ಕೆಲಸಕ್ಕೆ 5ಕ್ಕೆ 5. ನಂಬಿಕೆಗೆ 5ಕ್ಕೆ 2. ಎರಡು ಅಂಕಕ್ಕೂ ಕಾರಣ ಒಂದೇ: ಆತಂಕಕ್ಕೆ ಕೊಡುವ ಈ 0.5 ಮಿ.ಗ್ರಾಂ ಮಾತ್ರೆ ಬೇಗ ಕೆಲಸ ಮಾಡುತ್ತೆ.

ದಿನಾ ರಾತ್ರಿ ಒಂದರಂತೆ ತಿಂಗಳುಗಟ್ಟಲೆ ನುಂಗಿ, ಆಮೇಲೆ ಇಳಿಸಿ ನಿಲ್ಲಿಸಿದವರ ಕಡೆಯಿಂದ ಬರೆದದ್ದು ಇದು. ನುಂಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಎದೆಯ ಡವಡವ ತಗ್ಗುತ್ತೆ, ಬಿಗಿದ ಭುಜ ಸಡಿಲವಾಗುತ್ತೆ. ಮೆದುಳಿನಲ್ಲಿ ಬ್ರೇಕಿನ ಕೆಲಸ ಮಾಡುವ ಗಾಬಾ ಅನ್ನೋ ರಾಸಾಯನಿಕಕ್ಕೆ ಇದು ಬಲ ಕೊಡುತ್ತೆ, ಅಷ್ಟೇ. ಆತಂಕದ ಬೇರಿಗೆ ಕೈ ಹಾಕಲ್ಲ. ಬೇರಿನ ಕೆಲಸಕ್ಕೆ ಡಾಕ್ಟರು ಸಾಮಾನ್ಯವಾಗಿ ಎಸ್ಸಿಟಾಲೋಪ್ರಾಮ್ ಥರದ ಮಾತ್ರೆ ಬರೀತಾರೆ, ಜೊತೆಗೆ ಕೌನ್ಸೆಲಿಂಗ್ ಹೇಳ್ತಾರೆ. ಆ ಮಾತ್ರೆ ಹಿಡಿತಕ್ಕೆ ಬರೋಕೆ 2ರಿಂದ 6 ವಾರ ಬೇಕು. ಅಲ್ಲೀವರೆಗೆ ದಾಟಿಸೋಕೆ ಕ್ಲೋನಾಜೆಪಾಮ್. ಅಂದರೆ ಇದು ಹರಿಗೋಲು. 2ರಿಂದ 4 ವಾರಕ್ಕೆ ಅಂತ ಹತ್ತಿದವರು ಅದರಲ್ಲೇ ಸಂಸಾರ ಹೂಡೋದರಿಂದಲೇ ತೊಂದರೆ ಶುರುವಾಗುತ್ತೆ. ಹಾಗಾಗಿ ಮೊದಲ ಚೀಟಿ ಬರೆಸುವ ದಿನವೇ ‘ಇದನ್ನ ಯಾವಾಗ, ಹೇಗೆ ನಿಲ್ಲಿಸೋದು ಡಾಕ್ಟ್ರೇ?’ ಅಂತ ಕೇಳಿ, ತಾರೀಕು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊಳ್ಳುವಾಗ. ಶೀಟಿನ ಮೇಲೆ ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ ಅಂತ ಇರುತ್ತೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ ಪಟ್ಟಿಗೆ ಸೇರಿದ ಔಷಧಿ ಅನ್ನೋದಕ್ಕೆ ಅದು ಗುರುತು. ಇದರ ದಾಯಾದಿ ಆಲ್ಪ್ರಜೋಲಾಮ್ ಮೇಲೆ ಇನ್ನೂ ಒಂದು ಕಟ್ಟು ಇದೆ. ಅದು ಔಷಧಿ ನಿಯಮಗಳ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿರೋದರಿಂದ ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಅನ್ನೋದನ್ನ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಮೈಸೂರಿನ ದೇವರಾಜ ಅರಸ್ ರಸ್ತೆಯಲ್ಲಾಗಲಿ, ಮಂಡ್ಯದ ಪೇಟೆ ಬೀದಿಯಲ್ಲಾಗಲಿ, ‘ಅಣ್ಣ, ಹೋದ್ಸಲ ಕೊಟ್ರಲ್ಲ, ಅದೇ ಕೊಡಿ’ ಅಂದಾಗ ‘ಹೊಸ ಚೀಟಿ ತನ್ನಿ ಸಾರ್’ ಅನ್ನುವ ಮೆಡಿಕಲ್ಸೇ ಒಳ್ಳೆ ಮೆಡಿಕಲ್ಸ್. ಸುಮ್ಮನೆ ಕತ್ತರಿಸಿ ಕೊಡುವವರು ನಿಮಗೆ ಉಪಕಾರ ಮಾಡ್ತಿಲ್ಲ.

ಕತ್ತರಿಸೋದು ಅಂದಾಗ ಇನ್ನೊಂದು. ನಾಲ್ಕೇ ಮಾತ್ರೆ ಸಾಕು ಅಂದರೆ ಕತ್ತರಿಯಲ್ಲಿ ಶೀಟು ತುಂಡು ಮಾಡಿ ಕವರಿಗೆ ಹಾಕ್ತಾರೆ. ಹೆಸರಿನ ಅರ್ಧ ಆ ತುಂಡಿಗೆ, ಎಕ್ಸ್‌ಪೈರಿ ತಾರೀಕು ಈ ತುಂಡಿಗೆ. ಮನೆಗೆ ಬಂದ ಚೂರಿನ ಬೆನ್ನಲ್ಲಿ ‘ಕ್ಲೋ…’ ಅಂತಷ್ಟೇ ಉಳಿದಿರುತ್ತೆ. ಕ್ಲೋಬಜಾಮ್ (ಫಿಟ್ಸಿಗೆ), ಕ್ಲೋನಿಡಿನ್ (ಬಿಪಿಗೆ), ಕ್ಲೋಜಪಿನ್ (ಬೇರೆಯೇ ಕಾಯಿಲೆಗೆ), ಎಲ್ಲವೂ ‘ಕ್ಲೋ’ ಇಂದಲೇ ಶುರು. ಕತ್ತರಿಸೋ ಮುಂಚೆ ಇಡೀ ಶೀಟಿನ ಹಿಂಭಾಗದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ತೂಕದ ಅಂಕಿಯನ್ನೂ ಓದಿ. 0.25, 0.5, 1, 2 ಮಿ.ಗ್ರಾಂ ನಾಲ್ಕೂ ಸಿಗುತ್ತೆ, ಬ್ರಾಂಡ್ ಬದಲಾದಾಗ ಅಂಕಿ ಬದಲಾಗಿರೋದು ಗೊತ್ತೇ ಆಗಲ್ಲ. 0.5 ಅಂದರೆ ಚಿಕ್ಕದು ಅಂತ ಮೋಸ ಹೋಗಬೇಡಿ, ಇದೇ ಜಾತಿಯ ಹಳೆ ಮಾತ್ರೆ ಡಯಾಜೆಪಾಮಿನ ಲೆಕ್ಕದಲ್ಲಿ ಅದು ಸುಮಾರು 5ರಿಂದ 10 ಮಿ.ಗ್ರಾಂ. ಒಂದು ಮಾತ್ರೆಯ ಬೆಲೆ ಹೋಟೆಲಿನ ಒಂದು ಕಾಫಿಗಿಂತ ಕಡಿಮೆ, ಸಸಾರ ಆಗೋಕೆ ಅದೂ ಒಂದು ಕಾರಣ.

‘ಪ್ಲಸ್’ ಅಂತ ಬರುವ ಕೆಲವು ಶೀಟುಗಳಲ್ಲಿ ಎಸ್ಸಿಟಾಲೋಪ್ರಾಮ್ 10, ಕ್ಲೋನಾಜೆಪಾಮ್ 0.5 ಒಂದೇ ಮಾತ್ರೆಯಲ್ಲಿ ಇರುತ್ತೆ. ನುಂಗೋಕೆ ಸಲೀಸು, ಇಳಿಸೋಕೆ ಕಷ್ಟ. ಒಂದನ್ನ ಮಾತ್ರ ಕಡಿಮೆ ಮಾಡೋಕಾಗಲ್ಲ. ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಿ ಅಂತ ಕೇಳೋದು ವಾಸಿ. ಇನ್ನೂ ನಾಜೂಕಾದ ತಪ್ಪು ಹೊಟ್ಟೆ ಡಾಕ್ಟರ ಚೀಟಿಯಲ್ಲಿರುತ್ತೆ. ಹೊಟ್ಟೆ ನುಲಿತ, ಗ್ಯಾಸಿಗೆ ಅಂತ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲಿಡಿನಿಯಮ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತೆ. ಅದೂ ಇದೇ ಜಾತಿ. ಎರಡು ಆಸ್ಪತ್ರೆಯ ಎರಡು ಚೀಟಿ, ಒಂದೇ ಕೆಲಸದ ಎರಡು ಮಾತ್ರೆ, ಬೆಳಗ್ಗೆ ಏಳೋಕಾಗಲ್ಲ ಅಂದರೆ ಆಶ್ಚರ್ಯವೇನಿಲ್ಲ.

ಬಾಯಲ್ಲಿ ಕರಗುವ ಎಂಡಿ ಮಾತ್ರೆಯಾದರೆ ಕೈ ಒಣಗಿರಬೇಕು. ಫಾಯಿಲ್ ಸುಲಿಯಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಅರ್ಧ ಮಾಡೋಕೂ ಇದು ಲಾಯಕ್ಕಲ್ಲ.

ಮೊದಲ ವಾರ ನೋಡಿ ತೀರ್ಪು ಕೊಡಬೇಡಿ. ನುಂಗಿದ್ದರಲ್ಲಿ ಅರ್ಧ ಮೈಯಿಂದ ಹೋಗೋಕೆ ಸುಮಾರು 30ರಿಂದ 40 ಗಂಟೆ ಬೇಕು. ನಿನ್ನೆಯದು ಪೂರ್ತಿ ಹೋಗೋ ಮುಂಚೆ ಇವತ್ತಿನದು ಸೇರುತ್ತೆ, ಹೀಗೆ ಒಂದು ವಾರದವರೆಗೆ ಮಟ್ಟ ಏರುತ್ತಲೇ ಇರುತ್ತೆ. ಅದಕ್ಕೇ ಮೊದಲ ಬೆಳಗ್ಗೆಗಿಂತ ನಾಲ್ಕನೇ ಬೆಳಗ್ಗೆ ಮಂಪರು ಜಾಸ್ತಿ. ಆ ದಿನಗಳಲ್ಲಿ ಸ್ಕೂಟರ್ ಬೇಡ, ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾರೂ ಬೇಡ, ರಾತ್ರಿ ನೀರು ಕಟ್ಟೋಕೆ ನಾಲೆ ಏರಿ ಮೇಲೆ ಬೈಕಂತೂ ಬೇಡವೇ ಬೇಡ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಕುದಿಯುವ ಕೊಪ್ಪರಿಗೆ ಪಕ್ಕ ನಿಲ್ಲುವವರು ಡಾಕ್ಟರಿಗೆ ತಮ್ಮ ಕೆಲಸ ಏನು ಅಂತ ಹೇಳಲೇಬೇಕು. ‘ನಿದ್ದೆ ಬರ್ತಿಲ್ಲ, ಚೆನ್ನಾಗೇ ಇದೀನಿ’ ಅನ್ನಿಸಿದರೂ ಕೈಯ ಚುರುಕು ತಗ್ಗಿರುತ್ತೆ. ಮಂಪರು ಬಿಡಿಸೋಕೆ ಸ್ಟ್ರಾಂಗ್ ಕಾಫಿ ಮೇಲೆ ಕಾಫಿ ಕುಡಿದರೆ ಕೈ ಚುರುಕಾಗಲ್ಲ, ಆತಂಕ ಮಾತ್ರ ಏರುತ್ತೆ.

ಹೆಂಡ, ಬ್ರಾಂದಿ, ಬಿಯರ್, ಯಾವುದೂ ಜೊತೆಗೆ ಕೂಡದು, ‘ಒಂದೇ ಪೆಗ್ಗು’ ಕೂಡ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಹಾಗೇ. ಇವು ಕ್ಲೋನಾಜೆಪಾಮ್ ಜೊತೆ ಸೇರಿ ಉಸಿರಾಟವನ್ನೇ ನಿಧಾನ ಮಾಡುತ್ತವೆ. ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್ ಇದ್ದರೆ ಮಂಪರು ದುಪ್ಪಟ್ಟು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ಶ್ವಾಸಕೋಶದ ಕಾಯಿಲೆ ಇರುವವರು, ಲಿವರ್ ಕೆಟ್ಟವರು, ಬಸುರಿಯರು ಮೊದಲೇ ಹೇಳಬೇಕು. ಅರವತ್ತು ದಾಟಿದವರಿಗೆ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಭಯವೇ ದೊಡ್ಡದು, ಸೊಂಟದ ಮೂಳೆ ಮುರಿದರೆ ಆತಂಕ ಸಣ್ಣ ವಿಷಯ ಅನ್ನಿಸುತ್ತೆ. ದಾರಿಗೊಂದು ಸಣ್ಣ ದೀಪ ಉರಿಯಲಿ. ‘ನಿಂಗೆ ನಿದ್ದೆ ಬರಲ್ವಾ, ನಂದೊಂದು ತಗೋ ಅಕ್ಕ’ ಅಂತ ಹಂಚೋದು ನಮ್ಮ ಕಡೆಯ ಪ್ರೀತಿಯ ರೀತಿ ಇರಬಹುದು, ಈ ಮಾತ್ರೆಗೆ ಅದು ಸಲ್ಲದು.

ಇನ್ನು ಇಳಿಯೋದು. ಕೆಲವು ವಾರ ದಿನಾ ನುಂಗಿದ ಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ನಿದ್ದೆ ಹೋಗುತ್ತೆ, ಆತಂಕ ಮೊದಲಿಗಿಂತ ಜೋರಾಗಿ ಬರುತ್ತೆ, ಫಿಟ್ಸೂ ಬರಬಹುದು. ಮೋಸ ಎಲ್ಲಿದೆ ಅಂದರೆ, ನಿಲ್ಲಿಸಿದ ಮಾರನೇ ದಿನ ಏನೂ ಆಗಲ್ಲ. ಮೈಯಲ್ಲಿ ಇನ್ನೂ ಉಳಿದಿರುತ್ತೆ. ‘ನೋಡಿ, ಬಿಟ್ಟೇಬಿಟ್ಟೆ’ ಅಂತ ಬೀಗಿದವರಿಗೆ ಮೂರ್ನಾಲ್ಕನೇ ದಿನ ಕೈ ನಡುಗುತ್ತೆ, ಸದ್ದು ಬೆಳಕು ಚುಚ್ಚುತ್ತೆ. ಕಾಯಿಲೆ ವಾಪಸ್ ಬಂತು ಅಂದುಕೊಂಡು ಮತ್ತೆ ಶೀಟು ಹುಡುಕುತ್ತಾರೆ. ಮೊದಲು ಇಲ್ಲದ ಲಕ್ಷಣ (ಕಿವಿಯಲ್ಲಿ ಗುಂಯ್, ಸ್ನಾಯು ಸೆಳೆತ, ಜುಮ್ಮು) ಹೊಸದಾಗಿ ಬಂದಿದ್ದರೆ ಅದು ಮಾತ್ರೆ ಬಿಟ್ಟದ್ದರ ಗುರುತು ಇರಬಹುದು. ಅಂಥದ್ದು ದಿನ ಕಳೆದಂತೆ ತಗ್ಗುತ್ತೆ.

ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ 5ರಿಂದ 10 ಶೇಕಡಾ ಇಳಿಸ್ತಾರೆ, ಎರಡು ವಾರದಲ್ಲಿ 25 ಶೇಕಡಾ ದಾಟಿಸಲ್ಲ. ಲೆಕ್ಕ ಸಲೀಸು, ಮಾತ್ರೆ ಮುರಿಯೋದು ಸಲೀಸಲ್ಲ. 0.5ರಿಂದ 0.375ಕ್ಕೆ ಇಳಿಯೋಕೆ 0.25ರದ್ದು ಒಂದೂವರೆ ಬೇಕು. ಇದು 25 ಶೇಕಡಾ ಇಳಿತ. ಅಲ್ಲಿಂದ 0.25 ಅಂದರೆ 33 ಶೇಕಡಾ, 0.25ರಿಂದ 0.125 ಅಂದರೆ ನೇರ ಅರ್ಧ. ಚೂರು ಚಿಕ್ಕದಾದಷ್ಟೂ ಮೆಟ್ಟಿಲು ಎತ್ತರ. ಕೊನೆಯ ಕಾಲು ಮಾತ್ರೆ ಎಲ್ಲಕ್ಕಿಂತ ಕಷ್ಟ ಅಂತ ಜನ ಹೇಳೋದು ಇದಕ್ಕೇ, ಮನಸ್ಸಿನ ದೌರ್ಬಲ್ಯ ಅಲ್ಲ. ಆ ಹಂತದಲ್ಲಿ ಇನ್ನೂ ಸಣ್ಣ ಮೆಟ್ಟಿಲಿಗೆ ದಾರಿ ಏನು, ಎಷ್ಟು ವಾರ ನಿಲ್ಲಬೇಕು ಅಂತ ಡಾಕ್ಟರನ್ನೇ ಕೇಳಿ. ಮೊಂಡು ಚಾಕುವಿನಲ್ಲಿ ಮುರಿದರೆ ಒಂದು ಚೂರು ದೊಡ್ಡದು, ಒಂದು ಪುಡಿ. ಮೆಡಿಕಲ್ಸಿನಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತೆ, ಅದನ್ನ ತಗೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ನುಂಗಿದ್ದು ಎಷ್ಟು ಅಂತ ಗುರುತು ಹಾಕಿ. ಒಂದು ಹೊತ್ತು ಮರೆತರೆ ಮಾರನೇ ದಿನ ಎರಡು ನುಂಗಬಾರದು. ಹಬ್ಬ, ಮದುವೆ, ಪರೀಕ್ಷೆಯ ವಾರದಲ್ಲಿ ಇಳಿಸೋಕೆ ಹೋಗಬೇಡಿ, ಇದ್ದ ಮೆಟ್ಟಿಲಲ್ಲೇ ನಿಲ್ಲಿ.

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನ ಮಾನಸಿಕ ರೋಗ ವಿಭಾಗಗಳಲ್ಲಿ ಇದನ್ನೆಲ್ಲ ಮಾತಾಡಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋದು ಮಂಗಳವಾರ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ಯಾರಾದರೂ ಹೆಚ್ಚು ನುಂಗಿ ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿ ಉಸಿರು ನಿಧಾನವಾಗಿದ್ದರೆ 108ಕ್ಕೆ ಕರೆ ಮಾಡಿ, ಎಡಮಗ್ಗುಲಿಗೆ ಮಲಗಿಸಿ, ಖಾಲಿ ಶೀಟು ಜೊತೆಗೆ ಕೊಟ್ಟು ಕಳಿಸಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸೋದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತೆ.

ಶೀಟು ಇಡೋ ಜಾಗ ಬೀರುವಿನ ಬೀಗದ ಒಳಗೆ, ಒಲೆ ಪಕ್ಕದ ಗೂಡಿನಲ್ಲೋ ಬಚ್ಚಲ ಕಿಟಕಿಯಲ್ಲೋ ಅಲ್ಲ. ಸಾಯುವ ಮಾತಾಡುವವರು ಮನೆಯಲ್ಲಿದ್ದರೆ ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ, ದಿನಕ್ಕೆ ಬೇಕಾದಷ್ಟೇ ಕೈಗೆ ಕೊಡಲಿ. ಪೂರ್ತಿ ನಿಲ್ಲಿಸಿದ ಮೇಲೆ ಉಳಿದದ್ದನ್ನ ‘ಇರಲಿ, ಬೇಕಾದೀತು’ ಅಂತ ಎತ್ತಿಡಬೇಡಿ. ಬೆಳಗಿನ ಫಿಲ್ಟರಿನ ಕಾಫಿ ಚರಟಕ್ಕೆ ಮಾತ್ರೆಗಳನ್ನ ಬೆರೆಸಿ, ಕವರಿನಲ್ಲಿ ಗಂಟು ಕಟ್ಟಿ ಕಸದ ಗಾಡಿಗೆ ಹಾಕಿ. ಖಾಲಿ ಶೀಟಿನ ಮೇಲಿನ ಹೆಸರು ಕಾಣದ ಹಾಗೆ ಕತ್ತರಿಸಿ.