ವಿಜ್ಞಾನದ ಪದ ಕಲಿಯಲು ಫ್ಲ್ಯಾಶ್ ಕಾರ್ಡಾ, ಚಿತ್ರವಾ?

ಆರರಿಂದ ಎಂಟನೇ ತರಗತಿಯ ವಿಜ್ಞಾನದಲ್ಲಿ ಜೋಡಿಯಾಗಿ ಬಂದು ಗೊಂದಲ ಮಾಡುವ ಪದಗಳಿಗೆ ಕಾರ್ಡೇ ವಾಸಿ. ಒಂದರ ಮುಂದೆ ‘ದ್ರವ್ಯರಾಶಿ’, ಹಿಂದೆ ‘ಕಿಲೋಗ್ರಾಂ, ಎಲ್ಲಿ ಹೋದರೂ ಅಷ್ಟೇ’. ಇನ್ನೊಂದರಲ್ಲಿ ‘ತೂಕ’, ಹಿಂದೆ ‘ನ್ಯೂಟನ್, ಚಂದ್ರನ ಮೇಲೆ ಸುಮಾರು 6ರಲ್ಲಿ 1 ಪಾಲು’. ಜವ, ವೇಗಕ್ಕೂ ಹೀಗೇ: ವೇಗಕ್ಕೆ ದಿಕ್ಕೂ ಬೇಕು. ಬಿಡುವಿದ್ದಾಗ ಐದು ನಿಮಿಷ ತಿರುಗಿಸಿದರೆ ಸಾಕು.

ಭೂಮಿಯ ಪಾಠಕ್ಕೆ ಬಂದರೆ ಕಾರ್ಡ್ ಸೋಲುತ್ತದೆ. ‘ಭೂಕವಚ, ಮ್ಯಾಂಟಲ್, ಕೇಂದ್ರಗೋಳ’ ಎಂದು ಪದರಗಳ ಹೆಸರನ್ನು ಸುಮ್ನೆ ಉರುಹೊಡೆದರೆ ಯಾವುದು ಎಷ್ಟು ದಪ್ಪ ಅನ್ನುವ ಅಂದಾಜೇ ಸಿಗುವುದಿಲ್ಲ. ಮ್ಯಾಂಟಲ್ ಸುಮಾರು 2,900 ಕಿ.ಮೀ. ದಪ್ಪ. ಸಾಗರದಡಿಯ ಕವಚ ಬರೀ 5ರಿಂದ 10 ಕಿ.ಮೀ. ನೋಟ್‌ಬುಕ್ಕಿನಲ್ಲಿ ಅಳತೆಗೆ ಸರಿಯಾಗಿ ಬರೆದರೆ ಕವಚಕ್ಕೆ ಪೆನ್ಸಿಲ್ ಗೆರೆಯೇ ಜಾಸ್ತಿ ದಪ್ಪ! ಶಿಲಾಚಕ್ರವೂ, ಅಂದರೆ ಒಂದು ಬಗೆಯ ಕಲ್ಲು ಇನ್ನೊಂದಾಗುವ ಸುತ್ತೂ, ಅಷ್ಟೇ. ಸುಣ್ಣಕಲ್ಲು ಬಿಸಿ, ಒತ್ತಡಕ್ಕೆ ಸಿಕ್ಕಿ ಅಮೃತಶಿಲೆ ಆಗುವುದನ್ನು ಬಾಣ ಹಾಕಿಯೇ ತೋರಿಸಬೇಕು, ಅಲ್ವಾ? ಆದರೆ ಹೆಸರುಗಳನ್ನು ಪುಸ್ತಕ ಮುಚ್ಚಿ ಬರೆಯಿರಿ. ನೋಡಿಕೊಂಡು ಬರೆದರೆ ಅದು ಬರೀ ಡ್ರಾಯಿಂಗ್.

ಚಿತ್ರಕ್ಕೆ ಸಮಯ ಹಿಡಿಯುತ್ತದೆ, ನಿಜ. ನಾಳೆಯೇ ಪರೀಕ್ಷೆ ಇದ್ದರೆ ಕಾರ್ಡ್ ಹಿಡಿಯಿರಿ. ಒಂದು ವಾರ ಇದ್ದರೆ ನನ್ನ ವೋಟು ಚಿತ್ರಕ್ಕೆ.