ಕಂಪನಿ ಬದಲು, ನಂಬರ್ ಮಾತ್ರ ಅದೇ

ನನ್ನ ಮೊದಲ ಫೋನ್ ನೋಕಿಯಾ 1100. ತಲೆ ಮೇಲೆ ಟಾರ್ಚ್ ಇತ್ತು, ಕರೆಂಟ್ ಹೋದಾಗಲೆಲ್ಲ ಮನೆಗೆಲ್ಲ ಅದೇ ದೀಪ. ಆಮೇಲೆ ನಾಲ್ಕು ಸ್ಮಾರ್ಟ್‌ಫೋನ್ ಬಂದು ಹೋದವು, ಅಷ್ಟು ಗಟ್ಟಿ ಒಂದೂ ಇಲ್ಲ.

ಸಿಮ್ ಕಥೆ ಬೇರೆ. ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಆ ಕಡೆಯ ಗೋಡೆಗೆ ಕೇಳುತ್ತದೆ, ನಮ್ಮ ಮನೆಯೊಳಗೆ ಚೀರಿದರೂ ಫೋನಿನಲ್ಲಿ ಕೇಳುತ್ತಿರಲಿಲ್ಲ! ಹಳೆ ಕಂಪನಿಗೆ (ಹೆಸರು ಬೇಡ ಬಿಡಿ) ಎಷ್ಟು ಸಲ ಹೇಳಿದರೂ ‘ಫೋನ್ ರೀಸ್ಟಾರ್ಟ್ ಮಾಡಿ’ ಅನ್ನುವುದೊಂದೇ ಉತ್ತರ. ಮಾಳಿಗೆ ಹತ್ತಿ ಹತ್ತಿ ಮೊಣಕಾಲು ನೋವು ಬಂತು.

ಕೊನೆಗೆ ಪೋರ್ಟ್ ಮಾಡೋಣ, ಅಂದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸೋಣ ಎಂದು, ಇಂಗ್ಲಿಷಿನಲ್ಲಿ PORT ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದೆ. ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರಲೇ ಇಲ್ಲ. ಗಾಂಧಿ ಚೌಕದ ಕಡೆಯ ಅಂಗಡಿಯ ಹುಡುಗ ನಕ್ಕ: ‘ಕಾಕಾ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಐತಿ, ಕಟ್ಟಿ ಬರ್ರಿ.’ ಕಟ್ಟಿದ ಮೇಲೆ ಎಂಟು ಅಕ್ಷರದ ಕೋಡ್ ಬಂತು. ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ, ಹಾಗಾಗಿ ಅವತ್ತೇ ಆಧಾರ್ ಕೊಟ್ಟು ಬೆರಳು ಒತ್ತಿ ಬಂದೆ. ಮೂರನೇ ದಿನ ಹಳೆ ಸಿಮ್ ಸತ್ತಿತು, ಹೊಸದು ಎದ್ದಿತು.

ಈಗ ಅಡುಗೆಮನೆಯಲ್ಲೂ ಮಾತು ಸರಿಯಾಗಿ ಕೇಳುತ್ತದೆ. ಡೇಟಾ ಮಾತ್ರ ಸಂಜೆ ಸ್ವಲ್ಪ ನಿಧಾನ. ಹೊಸ ಕಂಪನಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಹುಡುಗನಿಗೆ ಪೂರ್ತಿ ಐದು.